ನಾರುಹುಣ್ಣೂ ನೀರು ಸೋಸುವ ಬಟ್ಟೆಯೂ

ರೋಗವು ಬಂದ ಮೇಲೆ ವೈದ್ಯನನ್ನು ಕರೆಯಲು ಎಲ್ಲರೂ ಬಲ್ಲರು. ಅದು ಬಾರದಂತೆ ನೋಡಿಕೊಳ್ಳಬಲ್ಲವರು ಕೆಲವರೇ. ಈ ಎರಡನೆಯ ವಿದ್ಯೆಗೆ ದೊಡ್ಡ ಯಂತ್ರವಾಗಲಿ ಬೆಲೆಯುಳ್ಳ ಔಷಧವಾಗಲಿ ಯಾವಾಗಲೂ ಬೇಕೆಂದಿಲ್ಲ. ಒಂದು ತುಂಡು ಬಟ್ಟೆಯೂ, ಅದನ್ನು ದಿನವೂ ಉಪಯೋಗಿಸುವ ಮನಸ್ಸೂ ಒಂದು ಘೋರ ರೋಗವನ್ನು ನಮ್ಮ ದೇಶದಿಂದ ಹೊರದೂಡಲು ಸಹಾಯವಾದ ವೃತ್ತಾಂತವನ್ನು ನಮ್ಮ ಸೋದರಿಯರ ಮುಂದಿಡುವೆವು.

ಆ ರೋಗವೇ ನಾರುಹುಣ್ಣು. ನಮ್ಮ ಕರ್ನಾಟಕವೂ ಸೇರಿ ಇಂಡಿಯಾದ ಏಳು ರಾಜ್ಯಗಳಲ್ಲಿ ಇದು ನೆಲೆಯೂರಿತ್ತು. ಬಹುಮಟ್ಟಿಗೆ ಕಾಲಿನಲ್ಲಿ ಉರಿಯುವ ಬೊಬ್ಬೆಯೊಂದು ಎದ್ದು ಒಡೆಯುವುದು. ಅದರೊಳಗಿಂದ ದಾರದಂತಹ ಬಿಳಿಯ ಹುಳುವು ತಲೆದೋರುವುದು. ಅದರ ಉದ್ದವು ಎರಡು ಮೂರು ಅಡಿ. ಅವಸರದಿಂದ ಸೆಳೆದರೆ ತುಂಡಾಗಿ ಹುಣ್ಣು ಕೀವುಗಟ್ಟುವುದು. ಆದುದರಿಂದ ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಅಂಗುಲದಷ್ಟೇ ಎಳೆಯುತ್ತ, ವಾರಗಟ್ಟಲೆ ನರಳಬೇಕು. ಬಿತ್ತನೆಯ ಕಾಲದಲ್ಲಿ ತಂದೆಯು ಹೀಗೆ ಮಲಗಿದರೆ ಮನೆಗೆ ಅನ್ನವಿಲ್ಲ. ತಾಯಿಯು ಮಲಗಿದರೆ ಮಗಳಿಗೆ ಶಾಲೆಯಿಲ್ಲ. ಇದಕ್ಕೆ ಲಸಿಕೆಯೂ ಇಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ.

1870ರ ಸುಮಾರಿನಲ್ಲಿ ರಷ್ಯದ ಫೆಡ್ಚೆಂಕೊ ಎಂಬ ಶಾಸ್ತ್ರಜ್ಞನು ತುರ್ಕಿಸ್ತಾನದಲ್ಲಿ ಇದರ ಮರ್ಮದ ಸುಳಿವನ್ನು ಕಂಡನು. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ಬಾವಿಯ ಅಥವಾ ಕೆರೆಯ ನೀರಿಗೆ ಇಳಿಸಿದೊಡನೆ ಹುಳುವು ಅಸಂಖ್ಯಾತ ಮರಿಗಳನ್ನು ಬಿಡುವುದು. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರುಹುಳುಗಳು ನುಂಗುವುವು. ಆ ನೀರನ್ನು ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುವುದು; ಮರಿಯಾದರೋ ಉಳಿದು, ಸುಮಾರು ಒಂದು ವರುಷ ದೇಹದೊಳಗೆ ಬೆಳೆದು ಹೊರಬರುವುದು. ಹೀಗೆ ಈ ವರುಷ ಮೆಟ್ಟಿಲುಬಾವಿಗೆ ಇಳಿದ ಒಂದು ಕಾಲು ಮುಂದಿನ ವರುಷ ಓಣಿಗೆ ಓಣಿಯನ್ನೇ ಮಲಗಿಸಬಲ್ಲುದು.

ಈ ಸೈಕ್ಲಾಪ್ಸ್ ದಟ್ಟವಾದ ಬಟ್ಟೆಯಲ್ಲಿ ನುಸುಳಲಾರದು. ಆದುದರಿಂದ ನೀರನ್ನು ಸೋಸಿ ಕುಡಿದರೆ ರೋಗದ ಸರಪಣಿಯು ಕಡಿಯುವುದು. ಸೋಸುವ ಪದ್ಧತಿಯು ಹೊಸದಲ್ಲ. ಜೈನರು ಅಹಿಂಸಾಧರ್ಮದ ನಿಮಿತ್ತ ಹಿಂದಿನಿಂದಲೂ ಅದನ್ನು ಪಾಲಿಸುವರು. ಆದರೆ ಉಪಾಯವಿರುವುದು ಬೇರೆ, ಊರೆಲ್ಲವೂ ಅದನ್ನು ರೂಢಿಗೆ ತಂದುಕೊಳ್ಳುವುದು ಬೇರೆ. ಅಜ್ಜಿಯ ಕಾಲದಿಂದ ಕುಡಿದ ನೀರಿನಲ್ಲಿ ದೋಷವಿದೆಯೆಂದರೆ ಯಾರು ನಂಬುವರು? ನೀರು ಕುಡಿದುದು ಹೋದ ವರುಷ, ಹುಣ್ಣೆದ್ದುದು ಈ ವರುಷ. ಎರಡಕ್ಕೂ ಇರುವ ನಂಟು ಕಾಣುವುದೆಂತು?

1983–84ರಲ್ಲಿ ಇಂಡಿಯಾ ಸರಕಾರವು ಇದರ ನಿರ್ಮೂಲನಕ್ಕೆ ತೊಡಗಿತು. 1984ರಲ್ಲಿ ರೋಗಿಗಳು ಸುಮಾರು 40,000 ಮಂದಿ. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿಗಳನ್ನು ಕೊರೆದರು, ನೀರಿಗೆ ಟೆಮೆಫಾಸ್ ಎಂಬ ಮದ್ದನ್ನು ಹಾಕಿದರು. ಆದರೆ ಮನೆಮನೆಯ ಕೊಡದ ಬಾಯಿಗೆ ಬಟ್ಟೆಯನ್ನು ಸರಕಾರವು ಕಟ್ಟಲಾದೀತೇ? ಆ ಕೆಲಸವು ನೀರು ಹೊರುವ ಸ್ತ್ರೀಯರದು. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದರೆ ಬಿಳಿಯ ಚುಕ್ಕೆಗಳು ನೆಗೆದಾಡುವುದು ಕಾಣುವುದು. ಸೋಸಿದ ನೀರಿನಲ್ಲಿ ಅವು ಇಲ್ಲ. ಇದನ್ನು ಕಣ್ಣಾರೆ ಕಂಡ ತಾಯಿಗೆ ನೂರು ಆಜ್ಞೆಗಳು ಬೇಡ.

1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಡೆಯ ರೋಗಿಯು ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂಡಿಯಾ ದೇಶವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಜಗತ್ತಿನಲ್ಲಿ 1986ರಲ್ಲಿ ಸುಮಾರು 35 ಲಕ್ಷ ಜನರು ಇದರಿಂದ ನರಳುತ್ತಿದ್ದರು. 2024ರಲ್ಲಿ ಲೆಕ್ಕಕ್ಕೆ ಸಿಕ್ಕವರು 15 ಮಂದಿ.

ಸತ್ಯವೇದದಲ್ಲಿ ಕುಷ್ಠರೋಗಿಯಾದ ನಾಮಾನನ ಕಥೆಯನ್ನು ನಾವೆಲ್ಲರೂ ಓದಿರುವೆವು. ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಮುಳುಗೆಂದು ಪ್ರವಾದಿಯು ಹೇಳಿ ಕಳುಹಿಸಿದಾಗ, ಉಪಾಯವು ತೀರ ಅಲ್ಪವೆಂದು ಆ ಸೇನಾಪತಿಯು ಕೋಪಗೊಂಡನು. ಅಲ್ಪವಾದುದನ್ನು ಮಾಡಿದ ಮೇಲೆಯೇ ಅವನು ಗುಣಹೊಂದಿದನು. ಪ್ರವಾದಿಯ ಸುದ್ದಿಯನ್ನು ಆ ಮನೆಗೆ ಮುಟ್ಟಿಸಿದವಳು ಒಬ್ಬ ಚಿಕ್ಕ ಹುಡುಗಿಯೆಂಬುದನ್ನು ಮರೆಯದಿರೋಣ. ಕೈತೊಳೆಯುವುದು, ನೀರು ಕಾಯಿಸುವುದು, ಸೊಳ್ಳೆಪರದೆ ಕಟ್ಟುವುದು ಇವೆಲ್ಲವೂ ಅಲ್ಪವಾದ ಕಾರ್ಯಗಳೇ. ಶಾಲೆಯಲ್ಲಿ ಕಲಿತುದನ್ನು ವಿನಯದಿಂದ ನಮ್ಮ ಮನೆಗಳಿಗೆ ಮುಟ್ಟಿಸುವೆವಾದರೆ ನಮ್ಮ ವಿದ್ಯೆಯು ಸಾರ್ಥಕವಾಗುವುದು.