ಅಣುಶಕ್ತಿಯ ದೀಪವೂ ಎಚ್ಚರದ ಎಣ್ಣೆಯೂ

ಕಳೆದ ಸಾರಿಯ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ, ಕಾರವಾರದ ಸೀಮೆಗೆ ವಿವಾಹವಾಗಿ ಹೋಗಿರುವ ಒಬ್ಬಾಕೆಯು ನಮ್ಮನ್ನು ಕಂಡು, “ಅಮ್ಮಾ, ನಮ್ಮ ಮನೆಯು ಕೈಗಾದಿಂದ ಬಹು ದೂರವಿಲ್ಲ. ಅಣುಶಕ್ತಿಯ ಸ್ಥಾವರದ ನೆರೆಯಲ್ಲಿ ಮಕ್ಕಳನ್ನು ಸಾಕುವದು ಕ್ಷೇಮವೇ?” ಎಂದು ಕೇಳಿದಳು. ಕೂಟದ ಗಡಿಬಿಡಿಯಲ್ಲಿ ನಾವು ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಹಾಗೆ ಕೇಳುವ ತಾಯಂದಿರು ಇನ್ನೂ ಅನೇಕರಿರಬಹುದೆಂದು ಭಾವಿಸಿ, ಈ ಸಂಚಿಕೆಯ ಮೂಲಕ ಆ ಉತ್ತರವನ್ನು ಸಲ್ಲಿಸಲು ಯತ್ನಿಸುತ್ತೇವೆ.

ಮೊದಲು ಸ್ಥಾವರದೊಳಗೆ ನಡೆಯುವ ಕಾರ್ಯವನ್ನು ತಿಳಿಯತಕ್ಕದ್ದು. ಯುರೇನಿಯಮ್ ಎಂಬ ಲೋಹದ ಪರಮಾಣುಗಳ ಗರ್ಭವು ಒಡೆಯುವಾಗ ಅಪಾರವಾದ ಶಾಖವು ಹುಟ್ಟುತ್ತದೆ. ಆ ಶಾಖದಿಂದ ನೀರು ಉಗಿಯಾಗುತ್ತದೆ. ಉಗಿಯು ಚಕ್ರವನ್ನು ತಿರುಗಿಸುತ್ತದೆ. ಚಕ್ರದಿಂದ ವಿದ್ಯುಚ್ಛಕ್ತಿಯು ಉತ್ಪನ್ನವಾಗುತ್ತದೆ. ಕಲ್ಲಿದ್ದಲ ಸ್ಥಾವರಕ್ಕೂ ಇದಕ್ಕೂ ಮುಖ್ಯವಾದ ಭೇದವು ಒಲೆಯಲ್ಲಿಯೇ ಇದೆ. ಈ ಒಲೆಯು ಹಿರೋಶಿಮದ ಬಾಂಬಿನಂತೆ ಸಿಡಿದೀತೆಂದು ಕೆಲವರು ಹೆದರುತ್ತಾರೆ. ಅದು ಹಾಗೆ ಸಿಡಿಯಲಾರದು. ನೆಲದಿಂದ ತೆಗೆದ ಯುರೇನಿಯಮಿನಲ್ಲಿ ಸುಲಭವಾಗಿ ಒಡೆಯುವ ಜಾತಿಯು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬಾಂಬಿಗಾದರೋ ಅದನ್ನು ಬಹಳವಾಗಿ ಹೆಚ್ಚಿಸಬೇಕಾಗುತ್ತದೆ.

ನಿಜವಾದ ಅಪಾಯವು ಬೇರೆ ಕಡೆಯಲ್ಲಿದೆ. ಅಡಿಗೆಮನೆಯ ಒಲೆಯಿಂದ ಕಟ್ಟಿಗೆಯನ್ನು ಹಿಂದಕ್ಕೆಳೆದರೂ ಕೆಂಡವು ಸ್ವಲ್ಪ ಹೊತ್ತು ಕಾದಿರುತ್ತದೆ; ಒಂದು ಚೊಂಬು ನೀರು ಸುರಿದರೆ ಆರುತ್ತದೆ. ಅಣುವಿನ ಒಲೆಯ ಕೆಂಡವು ಹಾಗೆ ಆರುವದಿಲ್ಲ. ಯಂತ್ರವನ್ನು ನಿಲ್ಲಿಸಿದ ಕ್ಷಣದಲ್ಲಿಯೂ ಪೂರ್ಣ ಶಾಖದ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ. ಅದು ದಿನೇ ದಿನೇ ಇಳಿಯುತ್ತದಾದರೂ ವರ್ಷಗಳ ತನಕ ಪೂರ್ತಿಯಾಗಿ ಅಳಿಯದು. ಆದಕಾರಣ ನೀರು ಎಡೆಬಿಡದೆ ಹರಿಯುತ್ತಿರಬೇಕು. ನೀರನ್ನು ಹರಿಸಲು ಪಂಪುಗಳು ಬೇಕು. ಪಂಪುಗಳಿಗೆ ವಿದ್ಯುಚ್ಛಕ್ತಿ ಬೇಕು. ನೀರು ನಿಂತರೆ ಇಂಧನವು ಕರಗಿ, ಒಳಗೆ ಅಡಗಿರುವ ವಿಕಿರಣ ವಸ್ತುಗಳು ಹೊರಬೀಳುವ ಭಯವುಂಟು.

ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಕೇಳದ ಹುಡುಗಿಯಿಲ್ಲ. ಹತ್ತು ಮಂದಿಯ ಕೈಯಲ್ಲಿಯೂ ದೀಪವಿತ್ತು. ಐವರ ಬಳಿಯಲ್ಲಿ ಮಾತ್ರ ಬೇರೆ ಎಣ್ಣೆಯಿತ್ತು. ಜಪಾನಿನಲ್ಲಿ ನಡೆದ ಸಂಗತಿಯನ್ನು ಓದುವಾಗೆಲ್ಲ ನಮಗೆ ಈ ಸಾಮ್ಯವೇ ನೆನಪಾಗುತ್ತದೆ.

೨೦೧೧ನೆಯ ಇಸವಿ ಮಾರ್ಚ್ ೧೧ರಂದು ಆ ದೇಶದ ಪೂರ್ವ ಕರಾವಳಿಯಲ್ಲಿ ಮಹಾಭೂಕಂಪವಾಗಿ ಸಮುದ್ರವು ಉಕ್ಕಿಬಂದಿತು. ಫುಕುಶಿಮ ದಾಯಿಚಿ ಎಂಬ ಸ್ಥಾವರದಲ್ಲಿ ನಡೆಯುತ್ತಿದ್ದ ಯಂತ್ರಗಳು ಭೂಕಂಪವಾದೊಡನೆ ಕ್ರಮವಾಗಿಯೇ ನಿಂತವು. ಆದರೆ ಸುಮಾರು ಹತ್ತು ಮೀಟರು ಎತ್ತರದಲ್ಲಿದ್ದ ಆ ನೆಲದ ಮೇಲೆ ಹದಿನಾಲ್ಕು ಹದಿನೈದು ಮೀಟರಿನ ತೆರೆಯು ಬಂದೆರಗಿತು. ಪಂಪುಗಳಿಗೆ ಶಕ್ತಿಯನ್ನು ಕೊಡಬೇಕಾಗಿದ್ದ ಡೀಸೆಲ್ ಯಂತ್ರಗಳು ನೀರಿನ ಪಾಲಾದವು. ಮೂರು ಒಲೆಗಳ ಇಂಧನವು ಕರಗಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರು ಮನೆಮಠಗಳನ್ನು ಬಿಡಬೇಕಾಯಿತು. ಆ ವಲಸೆಯ ಕಷ್ಟದಿಂದಲೇ ಅನೇಕ ವೃದ್ಧರೂ ರೋಗಿಗಳೂ ಮಡಿದರು. ಅಷ್ಟು ಎತ್ತರದ ತೆರೆಯು ಬರಬಹುದೆಂದು ೨೦೦೮ರಲ್ಲಿಯೇ ಆ ಕಂಪೆನಿಯವರ ಲೆಕ್ಕವು ತೋರಿಸಿತ್ತು. ಆದರೆ ತಡೆಗೋಡೆಯು ಏರಲಿಲ್ಲ. ಇದು ಮನುಷ್ಯರಿಂದಾದ ವಿಪತ್ತೆಂದು ಜಪಾನಿನ ಪಾರ್ಲಿಮೆಂಟು ನೇಮಿಸಿದ ಆಯೋಗವು ೨೦೧೨ರಲ್ಲಿ ತೀರ್ಮಾನಿಸಿತು.

ಅದೇ ಕರಾವಳಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಇನ್ನೂ ಸಮೀಪದಲ್ಲಿ, ಒನಗಾವ ಎಂಬ ಮತ್ತೊಂದು ಸ್ಥಾವರವಿದೆ. ಅಲ್ಲಿಗೂ ಸುಮಾರು ಹದಿಮೂರು ಮೀಟರಿನ ತೆರೆಯು ಬಂದಿತು. ಆದರೆ ಕಟ್ಟುವ ಕಾಲದಲ್ಲಿ ಹಿರಾಯ್ ಯಾನೊಸುಕೆ ಎಂಬ ಇಂಜಿನಿಯರರು ಪೂರ್ವಕಾಲದ ಮಹಾತೆರೆಗಳನ್ನು ಲೆಕ್ಕಕ್ಕೆ ತಂದು, ಖರ್ಚು ಹೆಚ್ಚಾದರೂ ಸರಿಯೆಂದು ಹಟಹಿಡಿದು, ಸ್ಥಾವರವನ್ನು ಹೆಚ್ಚುಕಡಿಮೆ ಹದಿನೈದು ಮೀಟರು ಎತ್ತರದಲ್ಲಿ ನಿಲ್ಲಿಸಿದ್ದರು. ಒನಗಾವಕ್ಕೂ ಸ್ವಲ್ಪ ಹಾನಿ ತಟ್ಟಿತು; ಆದರೂ ಯಂತ್ರಗಳು ಕ್ಷೇಮವಾಗಿ ತಣಿದವು. ಮನೆ ಕಳಕೊಂಡ ಮುನ್ನೂರಕ್ಕೂ ಹೆಚ್ಚು ಗ್ರಾಮಸ್ಥರು ಆ ಸ್ಥಾವರದ ಆವರಣದಲ್ಲಿಯೇ ಆಶ್ರಯ ಪಡೆದರು. ಭೂಕಂಪವೂ ಒಂದೇ, ಸಮುದ್ರವೂ ಒಂದೇ. ಎಣ್ಣೆಯನ್ನು ತಂದಿದ್ದವರು ಯಾರೆಂಬದೇ ಭೇದ.

ಎಚ್ಚರದೊಡನೆ ಸತ್ಯವೂ ಬೇಕೆಂಬದಕ್ಕೆ ಯುಕ್ರೇನಿನ ಚೆರ್ನೋಬಿಲ್ ಸಾಕ್ಷಿಯಾಗಿದೆ. ೧೯೮೬ನೆಯ ಇಸವಿ ಏಪ್ರಿಲ್ ೨೬ರಂದು, ಸೋವಿಯತ್ ಆಳಿಕೆಯ ಕಾಲದಲ್ಲಿ, ಅಲ್ಲಿಯ ನಾಲ್ಕನೆಯ ಯಂತ್ರವು ಒಂದು ಪರೀಕ್ಷೆಯ ವೇಳೆಯಲ್ಲಿ ಒಡೆದುಹೋಯಿತು. ಯಂತ್ರದ ರಚನೆಯಲ್ಲಿಯೇ ದೋಷವಿತ್ತು. ರಕ್ಷಣೆಯ ಕೆಲವು ಏರ್ಪಾಡುಗಳನ್ನೂ ಪರೀಕ್ಷೆಗಾಗಿ ತಡೆದಿದ್ದರು. ಮೇಲೆ ಭದ್ರವಾದ ಗುಮ್ಮಟವೂ ಇರಲಿಲ್ಲ. ಕೆಲಸಗಾರರೂ ಬೆಂಕಿಯನ್ನು ಆರಿಸಲು ಹೋದವರೂ ಕೂಡಿ ೨೮ ಮಂದಿ ಕೆಲವೇ ತಿಂಗಳುಗಳಲ್ಲಿ ವಿಕಿರಣದಿಂದ ತೀರಿಕೊಂಡರು. ಆದರೆ ನೆರೆಯ ಪ್ರಿಪ್ಯಾತ್ ಪಟ್ಟಣದವರನ್ನು ಹೊರಡಿಸಿದ್ದು ಸುಮಾರು ಒಂದೂವರೆ ದಿನವಾದ ಮೇಲೆ. ಹೊರಗೆ ಬಿದ್ದ ಅಯೋಡಿನು ಹುಲ್ಲಿನಿಂದ ಹಸುವಿಗೂ, ಹಸುವಿನಿಂದ ಹಾಲಿಗೂ, ಹಾಲಿನಿಂದ ಮಕ್ಕಳ ಕೊರಳಿನ ಥೈರಾಯಿಡ್ ಗ್ರಂಥಿಗೂ ಸೇರಿತು. ಮುಂದೆ ಸಾವಿರಾರು ಮಂದಿಗೆ ಆ ಗ್ರಂಥಿಯ ಕ್ಯಾನ್ಸರು ಕಾಣಿಸಿಕೊಂಡಿತು. ಚಿಕಿತ್ಸೆಯಿಂದ ಬಹುಮಂದಿ ಉಳಿದರೆಂಬದು ದೇವರ ದಯೆ. ಆದರೆ ಆ ವಿಷವು ಎಂಟು ದಿನಗಳಿಗೊಮ್ಮೆ ಅರ್ಧವಾಗುವಂಥಾದ್ದು. ಕೆಲವು ವಾರಗಳ ಮಟ್ಟಿಗೆ ಹಾಲನ್ನು ಕುಡಿಸಬೇಡಿರೆಂದು ತಾಯಂದಿರಿಗೆ ತಕ್ಷಣವೇ ಹೇಳಿದ್ದರೆ ಆ ರೋಗದ ಬಹುಭಾಗವು ತಪ್ಪುತ್ತಿತ್ತು.

ಈಗ ನಮ್ಮ ಕೈಗಾಕ್ಕೆ ಬರೋಣ. ಕಾಳಿ ನದಿಯ ದಡದ ಆ ಸ್ಥಾವರದಲ್ಲಿ ತಲಾ ೨೨೦ ಮೆಗಾವ್ಯಾಟಿನ ನಾಲ್ಕು ಯಂತ್ರಗಳು ನಡೆಯುತ್ತಿವೆ. ಡಾಕ್ಟರ್ ಶಿವರಾಮ ಕಾರಂತರಂಥ ಹಿರಿಯರು ಅದನ್ನು ಬಹಿರಂಗವಾಗಿ ವಿರೋಧಿಸಿದ್ದರು. ೧೯೯೪ರ ಮೇ ತಿಂಗಳಲ್ಲಿ, ಕಟ್ಟುತ್ತಿರುವಾಗಲೇ ಒಂದು ಯಂತ್ರದ ಒಳಗುಮ್ಮಟದ ಕಾಂಕ್ರೀಟು ಕುಸಿಯಿತು. ಇಂಧನವನ್ನು ಇನ್ನೂ ಇಟ್ಟಿರಲಿಲ್ಲವಾದ್ದರಿಂದ ವಿಕಿರಣವು ಹೊರಬೀಳಲಿಲ್ಲ. ರಚನೆಯನ್ನು ತಿದ್ದಿ ಪುನಃ ಕಟ್ಟಿದರು. ೨೦೦೯ರ ನವೆಂಬರಿನಲ್ಲಿ ಒಳಗಿನ ಕುಡಿಯುವ ನೀರಿಗೆ ಟ್ರಿಟಿಯಮ್ ಸೇರಿದ್ದು, ಕೆಲಸಗಾರರಿಗೆ ವಾಡಿಕೆಯಾಗಿ ಮಾಡುವ ಮೂತ್ರಪರೀಕ್ಷೆಯಿಂದ ಬೆಳಕಿಗೆ ಬಂದಿತು. ಮತ್ತೊಂದು ಕಡೆಯಲ್ಲಿ, ಮೊದಲನೆಯ ಯಂತ್ರವು ೨೦೧೮ರ ಕೊನೆಗೆ ೯೬೨ ದಿನ ಎಡೆಬಿಡದೆ ನಡೆದು, ಆ ಕಾಲಕ್ಕೆ ಲೋಕದಲ್ಲಿಯೇ ಮೊದಲನೆಯದಾಯಿತು. ಒಳ್ಳೆಯದನ್ನೂ ಕೆಟ್ಟದನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವದು ನ್ಯಾಯ.

ಅಣುಶಕ್ತಿಯನ್ನು ಬಿಟ್ಟರೆ ಅದರ ಸ್ಥಾನದಲ್ಲಿ ಏನು ಬರುವದೆಂಬದನ್ನೂ ಯೋಚಿಸಬೇಕು. ನಮ್ಮ ದೇಶದಲ್ಲಿ ಬಹುಭಾಗ ವಿದ್ಯುಚ್ಛಕ್ತಿಯು ಕಲ್ಲಿದ್ದಲಿನಿಂದ ಬರುತ್ತದೆ. ಅಷ್ಟೇ ವಿದ್ಯುಚ್ಛಕ್ತಿಗೆ ಲೆಕ್ಕಹಾಕಿದರೆ, ಹೊಗೆಯಿಂದಲೂ ಗಣಿಗಳಿಂದಲೂ ಸಾಯುವವರು ಅಣುಸ್ಥಾವರಗಳಿಂದ ಸತ್ತವರಿಗಿಂತ ನೂರಾರು ಪಾಲು ಹೆಚ್ಚು. ಚೆರ್ನೋಬಿಲ್ ಮತ್ತು ಫುಕುಶಿಮಗಳನ್ನು ಸೇರಿಸಿದರೂ ಈ ಮಾತು ನಿಲ್ಲುತ್ತದೆ. ಹೊಗೆಯ ಸಾವು ಒಂದೊಂದಾಗಿ, ಸದ್ದಿಲ್ಲದೆ ಬರುವದರಿಂದ ನಮ್ಮ ಕಣ್ಣಿಗೆ ಬೀಳುವದಿಲ್ಲ. ಜರ್ಮನಿಯವರು ೨೦೨೩ರ ಏಪ್ರಿಲಿನಲ್ಲಿ ತಮ್ಮ ಕಡೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿದರು. ಆದರೆ ಕಲ್ಲಿದ್ದಲನ್ನು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಉರಿದುಳಿದ ಇಂಧನವು ಮಾತ್ರ ಸಾವಿರಾರು ವರ್ಷ ಕಾಯತಕ್ಕ ವಸ್ತು. ಫಿನ್ಲೆಂಡಿನವರು ಅದಕ್ಕಾಗಿ ನಾಲ್ಕುನೂರು ಮೀಟರಿಗೂ ಆಳದಲ್ಲಿ ಬಂಡೆಯನ್ನು ಕೊರೆದಿದ್ದಾರೆ. ನಮ್ಮ ಮೊಮ್ಮಕ್ಕಳ ಮೇಲೆ ನಾವು ಹೊರಿಸುತ್ತಿರುವ ಈ ಭಾರವನ್ನು ಹಗುರವಾಗಿ ಎಣಿಸಕೂಡದು.

ಹೀಗಿರುವದರಿಂದ, ಈಗ ನಡೆಯುತ್ತಿರುವ ಸ್ಥಾವರಗಳನ್ನು ನಡಿಸಿಕೊಂಡು ಹೋಗುವಷ್ಟು ಕ್ಷೇಮವುಂಟೆಂದು ನಾವು ನಂಬುತ್ತೇವೆ; ಆದರೆ ಆ ಕ್ಷೇಮವು ಒಂದು ಸಾರಿ ಕಟ್ಟಿ ಮುಗಿಸುವ ಗೋಡೆಯಲ್ಲ. ಕೈಗಾಕ್ಕೆ ಸಮುದ್ರದ ತೆರೆಯು ಮುಟ್ಟದು. ಮಳೆಗಾಲದಲ್ಲಿ ಗುಡ್ಡಗಳು ಹೇಗಿವೆ, ನದಿಯ ಮೇಲ್ಗಡೆಯ ಅಣೆಕಟ್ಟುಗಳು ಹೇಗಿವೆ ಎಂಬದೇ ಅಲ್ಲಿ ಕೇಳತಕ್ಕ ಪ್ರಶ್ನೆ. ಅದನ್ನು ಪರೀಕ್ಷಿಸುವವರು ನಡಿಸುವವರ ಮುಲಾಜಿಗೆ ಒಳಪಡದವರಾಗಿರಬೇಕು. ತಪ್ಪು ನಡೆದರೆ ಆ ದಿನವೇ ಜನರಿಗೆ ತಿಳಿಸಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಗೆ ನಮ್ಮ ಉತ್ತರವು ಇದು: ಮಗಳೇ, ಭಯಪಟ್ಟು ಊರನ್ನು ಬಿಡಬೇಡ. ಆದರೆ ವಿಪತ್ತಿನ ಅಣಕು ಅಭ್ಯಾಸವು ನಿನ್ನ ಊರಿನಲ್ಲಿ ನಡೆದಾಗ ಮಕ್ಕಳನ್ನು ಕರಕೊಂಡು ಹೋಗು. ಯಾವ ದಾರಿಯಿಂದ ಹೊರಡಬೇಕೆಂದು ತಿಳಿದುಕೋ. ಅಧಿಕಾರಿಗಳನ್ನು ಪ್ರಶ್ನಿಸಲು ನಾಚಬೇಡ. ಪುಸ್ತಕದ ಮೇಲೆ ಮಸಿ ಚೆಲ್ಲಿದಾಗ ಮರೆಮಾಡದೆ ತಾನಾಗಿ ಬಂದು ಹೇಳಬೇಕೆಂದು ಈ ಶಾಲೆಯಲ್ಲಿ ನಿನಗೆ ಕಲಿಸಿದೆವಷ್ಟೆ. ಅದೇ ಪಾಠವನ್ನು ಅಣುಸ್ಥಾವರದವರಿಂದಲೂ ಒಪ್ಪಿಸಿಕೊಳ್ಳುವ ಹಕ್ಕು ನಿನಗುಂಟು.