ಹಲೀಮಿನ ಗುಟ್ಟು ಕುಟ್ಟಿದ ಗೋಧಿಯಲ್ಲಿ

ನಾರಾಯಣಪೇಟ: ರಂಜಾನ್ ತಿಂಗಳು ಬಂತೆಂದರೆ ಗಡಿಭಾಗದ ಊರುಗಳಲ್ಲಿ ಸಂಜೆಯ ಪರಿಮಳವೇ ಬೇರೆ. ನಾರಾಯಣಪೇಟ, ಮಕ್ತಲ್, ಗದ್ವಾಲ ಪಟ್ಟಣಗಳಲ್ಲಿ ಹಲೀಮ್ ಹಂಡೆಗಳು ಕಾಣಿಸಿಕೊಳ್ಳುತ್ತವೆ. ರೋಜಾ ಬಿಟ್ಟವರ ಜೊತೆ ರೋಜಾ ಇಲ್ಲದವರೂ ಬಂದು ನಿಲ್ಲುತ್ತಾರೆ. ‘ಒಂದ್ ಪ್ಲೇಟ್ ಹಾಕ್ರಿ, ಮ್ಯಾಲ ಉಳ್ಳಾಗಡ್ಡಿ ಜಾಸ್ತಿ ಇರ್ಲಿ’ ಅಂತ ಕನ್ನಡದಲ್ಲಿ ಕೇಳಿದರೆ ಉತ್ತರ ಉರ್ದುವಿನಲ್ಲೋ ತೆಲುಗಿನಲ್ಲೋ ಬರುತ್ತದೆ. ವ್ಯಾಪಾರಕ್ಕೇನೂ ಅಡ್ಡಿಯಿಲ್ಲ.

ಹಲೀಮ್ ಅಂದರೆ ಹೈದರಾಬಾದಿನ ಹೋಟೆಲ್ ತಿನಿಸು ಎಂಬ ಮಾತು ರೂಢಿಯಲ್ಲಿದೆ. ಆದರೆ ಅದರ ಅರ್ಧ ಅಡುಗೆ ಈ ಭಾಗದ ಕನ್ನಡ ಮನೆಗಳಿಗೆ ಹೊಸದಲ್ಲ. ಹಲೀಮಿಗೆ ಮಾಂಸ ಎಷ್ಟು ಮುಖ್ಯವೋ ಸಿಪ್ಪೆ ತೆಗೆದ ಗೋಧಿಯೂ ಅಷ್ಟೇ ಮುಖ್ಯ. ಜೋಳದ ರೊಟ್ಟಿಯೇ ನಿತ್ಯದ ಊಟವಾದ ಈ ಸೀಮೆಯಲ್ಲಿ ಗೋಧಿ ಹಬ್ಬದ ಧಾನ್ಯ. ಹುಗ್ಗಿ ಮಾಡುವ ಮುನ್ನ ಗೋಧಿಗೆ ನೀರು ಚಿಮುಕಿಸಿ, ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯುತ್ತಿದ್ದರು. ತಾಸುಗಟ್ಟಲೆ ಬೇಯಿಸಿ ಬೆಲ್ಲ, ಒಣ ಕೊಬ್ಬರಿ, ಗಸಗಸೆ ಹಾಕಿದರೆ ಗೋಧಿ ಹುಗ್ಗಿ. ಇಂಥದೇ ಗೋಧಿ ಮಾಂಸದ ಜೊತೆ ಬೆಂದು, ಕುಟ್ಟಿಸಿಕೊಂಡು ಒಂದಾದರೆ ಹಲೀಮ್.

ಅರಬರು ತಂದ ಹರೀಸ್

ಇದರ ಮೂಲ ಅರಬರ ‘ಹರೀಸ್’ ಅಥವಾ ‘ಹರೀಸಾ’. 10ನೇ ಶತಮಾನದ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಬರೆದ ಪಾಕಪುಸ್ತಕದಲ್ಲಿಯೇ ಹರೀಸಾ ಮಾಡುವ ವಿಧಾನವಿದೆ. 16ನೇ ಶತಮಾನದ ಕೊನೆಯ ‘ಐನ್-ಇ-ಅಕ್ಬರಿ’ ಹರೀಸಾ, ಹಲೀಮ್ ಎರಡನ್ನೂ ಹೆಸರಿಸುತ್ತದೆ.

ಹೈದರಾಬಾದಿಗೆ ಇದು ಬಂದದ್ದು ಯೆಮೆನ್ ದೇಶದ ಹದ್ರಮೌತ್ ಸೀಮೆಯಿಂದ ನಿಜಾಮರ ಸೈನ್ಯ ಸೇರಿದ ಅರಬರ ಜೊತೆ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ (1869-1911) ಅದು ಬೇರೂರಿತು ಎನ್ನುತ್ತಾರೆ. ಮಹಬೂಬನಗರಕ್ಕೆ ಹೆಸರು ಬಂದದ್ದೂ ಅವರಿಂದಲೇ. ಅರಬ್ ಸೈನಿಕರು ನೆಲೆಸಿದ ಬ್ಯಾರಕ್ಸ್ ಜನರ ಬಾಯಲ್ಲಿ ‘ಬಾರ್ಕಸ್’ ಆಯಿತು. ಅಲ್ಲಿ ಹರೀಸ್ ರಂಜಾನಿಗಷ್ಟೇ ಸೀಮಿತವಲ್ಲ, ಬೆಳಗಿನ ನಾಷ್ಟಾಕ್ಕೂ ಸಿಗುತ್ತದೆ. ಖಾರದ್ದೂ ಉಂಟು, ಸಿಹಿಯದ್ದೂ ಉಂಟು. ಸಿಹಿ ಹರೀಸನ್ನು ಹುಗ್ಗಿ ಉಂಡವರ ಮುಂದಿಟ್ಟರೆ ಗುರುತು ಹಿಡಿಯುವುದು ಕಷ್ಟವೇನಲ್ಲ. ಅರಬರ ಈ ಸಪ್ಪೆ ಅಡುಗೆಗೆ ಹೈದರಾಬಾದಿನಲ್ಲಿ ಶಾಜೀರಾ, ಲವಂಗ, ಯಾಲಕ್ಕಿ, ಹಸಿಮೆಣಸು, ಬೇಳೆ, ಕರಿದ ಉಳ್ಳಾಗಡ್ಡಿ ಸೇರಿದವು.

ಆಗ ಒಂದೇ ರಾಜ್ಯ

ಈ ರುಚಿ ಗಡಿಯ ಎರಡೂ ಬದಿ ಇರುವುದಕ್ಕೆ ಕಾರಣ ಹುಡುಕಬೇಕಾದದ್ದು ನಕ್ಷೆಯಲ್ಲಿ. 1956ರ ನವೆಂಬರ್ 1ಕ್ಕೆ ಮೊದಲು ರಾಯಚೂರು, ಗುಲಬರ್ಗಾ, ಮಹಬೂಬನಗರ ಮೂರೂ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಗದ್ವಾಲ, ಆಲಂಪುರ ತಾಲ್ಲೂಕುಗಳಂತೂ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿನ ಪಾಲಾಯಿತು. ಗದ್ವಾಲ, ಆಲಂಪುರ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟ ಬೇರೆ ಜಿಲ್ಲೆಗಳಾದವು. ಆಡಳಿತ ಎಷ್ಟು ಸಲ ಬದಲಾದರೂ ಬೀಗರು, ಸಂತೆ, ಊಟ ಅವೇ ಉಳಿದವು. ಬಗಾರಾ ಅನ್ನ, ಖಾರದ ಸಾಲನ್ ಕೂಡ ಅದೇ ಕಾಲದ ಬಳುವಳಿ.

ಹನ್ನೆರಡು ತಾಸಿನ ದುಡಿಮೆ

2010ರಲ್ಲಿ ಹೈದರಾಬಾದಿ ಹಲೀಮಿಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ದೇಶದಲ್ಲಿ ಮಾಂಸದ ಅಡುಗೆಯೊಂದಕ್ಕೆ ಈ ಮಾನ್ಯತೆ ದೊರೆತದ್ದು ಅದೇ ಮೊದಲು. ಗದ್ವಾಲ ಸೀರೆಗೂ ನಾರಾಯಣಪೇಟ ಸೀರೆಗೂ ಇರುವಂಥ ಗುರುತೇ ಇದು. ಹಲೀಮಿಗೆ ಹೇಳಿರುವ ಕಟ್ಟಳೆ ಹೀಗಿದೆ: ಆಡಿನ ಮಾಂಸವೇ ಆಗಬೇಕು, 10 ಪಾಲು ಮಾಂಸಕ್ಕೆ 4 ಪಾಲು ಗೋಧಿ, ಅಪ್ಪಟ ತುಪ್ಪ, ತಾಮ್ರದ ಹಂಡೆ, ಕಟ್ಟಿಗೆ ಉರಿ, ಸುಮಾರು 12 ತಾಸು ಬೇಯಿಸುವುದು.

ಅಷ್ಟು ಹೊತ್ತು ಯಾಕೆ? ಮಾಂಸದ ನಾರು, ಎಲುಬಿನ ಸಂದಿಯ ಗಟ್ಟಿ ಭಾಗ ಸಣ್ಣ ಉರಿಯಲ್ಲಿ ನಿಧಾನಕ್ಕೆ ಕರಗಿ ಅಂಟಾಗಬೇಕು. ಗೋಧಿಯ ಹಿಟ್ಟಿನಂಶ ಬಿಟ್ಟುಕೊಂಡು ಅದರೊಳಗೆ ಬೆರೆಯಬೇಕು. ಉರಿ ಜೋರಾದರೆ ಗೋಧಿ ತಳ ಹಿಡಿಯುತ್ತದೆ, ಇಡೀ ಹಂಡೆ ಸುಟ್ಟ ವಾಸನೆ ಬರುತ್ತದೆ. ಬೆಂದ ಮೇಲೆ ‘ಘೋಟ್ನಾ’ ಎಂಬ ಉದ್ದನೆಯ ಮರದ ಕೋಲು ಹಿಡಿದು ಬಿಸಿ ಹಂಡೆಯಲ್ಲೇ ಕುಟ್ಟಬೇಕು. ಗೋಧಿ ಯಾವುದು, ಮಾಂಸ ಯಾವುದು ಗೊತ್ತಾಗಬಾರದು. ಚಮಚದಲ್ಲಿ ಎತ್ತಿದರೆ ಎಳೆ ಎಳೆಯಾಗಿ ಇಳಿಯಬೇಕು. ಮೊಹರಮ್‌ನ ಹತ್ತನೇ ದಿನ ಮಾಡುವ ಖಿಚಡಾ ಇದರ ಅಕ್ಕತಂಗಿಯಂಥದು. ಅದರಲ್ಲಿ ಮಾಂಸದ ತುಂಡು ಹಾಗೇ ಉಳಿದಿರುತ್ತದೆ.

ರೋಜಾ ಇರುವ ಭಟ್ಟರು ಉಪ್ಪು-ಖಾರವನ್ನು ಬಹುಮಟ್ಟಿಗೆ ಕೈ ಅಳತೆಯ ಮೇಲೆಯೇ ಹಾಕುತ್ತಾರೆ. ಹೊಟ್ಟೆಗೆ ಹನಿ ನೀರಿಲ್ಲದೆ ಭಟ್ಟಿಯ ಝಳದಲ್ಲಿ ನಿಂತು ಕುಟ್ಟುವ ಕೆಲಸ ಅದು.

ಕೈ ಕೆಲಸ ಉಳಿಯಬೇಕು

ಕಷ್ಟ ಇರುವುದು ಇಲ್ಲಿಯೇ. ಕಟ್ಟಿಗೆ, ಕೂಲಿ, ಆಡಿನ ಮಾಂಸ ಮೂರೂ ತುಟ್ಟಿ. ಕುಟ್ಟುವ ಬದಲು ಯಂತ್ರದಲ್ಲಿ ಅರೆದರೆ ತಾಸುಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಅರೆದದ್ದರಲ್ಲಿ ಎಳೆ ಸಿಗುವುದಿಲ್ಲ, ಹಿಟ್ಟಿನ ಅಂಬಲಿಯಂತಾಗುತ್ತದೆ. ಮನೆಗಳಲ್ಲೂ ಒರಳು ಅಂಗಳದ ಮೂಲೆ ಸೇರಿದೆ. ಗೋಧಿ ಅಂಗಡಿಯಿಂದ ಸಿಪ್ಪೆ ತೆಗೆದೇ ಬರುತ್ತದೆ. ಒನಕೆ ಹಿಡಿದು ಗೋಧಿಯ ಹದ ಕಂಡುಕೊಂಡ ಅಜ್ಜಿಯರ ತಲೆಮಾರು ಹೋದರೆ ಹುಗ್ಗಿಯ ಜೊತೆ ಹಲೀಮಿನ ಹದವೂ ಹೋದಂತೆಯೇ. ಜಿಐ ಹೆಸರನ್ನು ಕಾಯಬಹುದು, ಹದವನ್ನು ಕಾಯಬೇಕಾದದ್ದು ಕೈ. ಮಗ್ಗದ ಮುಂದೆ ಕೂಡುವವರಿಲ್ಲದೆ ಸೀರೆ ಉಳಿಯುತ್ತದೆಯೇ?

2020ರ ರಂಜಾನಿನಲ್ಲಿ ಲಾಕ್‌ಡೌನ್‌ನಿಂದಾಗಿ ಹೈದರಾಬಾದಿನ ಹಲೀಮ್ ತಯಾರಕರು ಆ ವರ್ಷ ಭಟ್ಟಿ ಹಚ್ಚದಿರಲು ತೀರ್ಮಾನಿಸಿದ್ದರು. ಅಂಗಡಿ ಹಂಡೆ ಇಲ್ಲದಾಗ ಮನೆಯ ಒಲೆಯೇ ಗತಿ.

ಮನೆಯಲ್ಲಿ ಮಾಡುವುದಾದರೆ 1 ಕಿಲೋ ಮಾಂಸಕ್ಕೆ 400 ಗ್ರಾಂ ಸಿಪ್ಪೆ ತೆಗೆದ ಗೋಧಿ ಸಾಕು. ಗೋಧಿಯನ್ನು ರಾತ್ರಿಯೇ ನೆನೆ ಹಾಕಬೇಕು. ಒಂದು ಹಿಡಿ ಉದ್ದಿನ ಬೇಳೆ, ಕಡಲೆ ಬೇಳೆ ಸೇರಿಸಿ ಬೇರೆಯಾಗಿ ಬೇಯಿಸಬೇಕು. ಮಾಂಸವನ್ನು ಶುಂಠಿ-ಬೆಳ್ಳುಳ್ಳಿ, ಹಸಿಮೆಣಸು, ಗರಂ ಮಸಾಲೆಯೊಂದಿಗೆ ಸಣ್ಣ ಉರಿಯಲ್ಲಿ ಎಲುಬು ಬಿಡುವವರೆಗೆ ಬೇಯಿಸಿ, ಎಲುಬು ತೆಗೆದು, ಎರಡನ್ನೂ ಕೂಡಿಸಿ ಬೇಳೆ ಮಸೆಯುವ ಕಡಗೋಲಿನಿಂದ ಕುಟ್ಟಬೇಕು. ಮೇಲೆ ತುಪ್ಪ, ಕರಿದ ಉಳ್ಳಾಗಡ್ಡಿ, ಕೊತ್ತಂಬರಿ, ಪುದೀನಾ, ನಿಂಬೆಹಣ್ಣು. ಮಾಂಸ ತಿನ್ನದ ಮನೆಯವರು ಅದೇ ಗೋಧಿಗೆ ಬೆಲ್ಲ ಹಾಕಲಿ. ಮಿಕ್ಸಿಗೆ ಮಾತ್ರ ಎರಡನ್ನೂ ಹಾಕಬ್ಯಾಡ್ರಿ.