ಕ್ಲೌಡ್‌ಗೆ ಹಾಕಿದ ಡೇಟಾ ಎಂದಿಗೂ ಅಳಿಯುವುದಿಲ್ಲ ಎಂಬುದು ನಿಜವೇ?

“ಕ್ಲೌಡ್‌ನಲ್ಲಿ ಒಂದು ಸರ್ವರ್ ಕೆಟ್ಟರೆ ಇನ್ನೊಂದು ತಾನಾಗಿಯೇ ಶುರುವಾಗುತ್ತೆ, ಹಾಗಾಗಿ ಡೇಟಾ ಹೋಗೋದೇ ಇಲ್ಲ” ಎಂಬ ಮಾತನ್ನು ನೀವೂ ಕೇಳಿರಬಹುದು. ಇದರ ಮೊದಲರ್ಧ ಬಹುಮಟ್ಟಿಗೆ ನಿಜ. ಉಳಿದರ್ಧ ಸುಳ್ಳು.

ಶುರುವಾಗುವುದು ಆ್ಯಪ್, ಡೇಟಾ ಅಲ್ಲ

ಇಂದಿನ ಎಷ್ಟೋ ಆ್ಯಪ್‌ಗಳು ‘ಕಂಟೇನರ್’ ಎಂಬ ಪೊಟ್ಟಣಗಳಲ್ಲಿ, ಹಲವು ಸರ್ವರ್‌ಗಳ ಗುಂಪಿನ ಮೇಲೆ ಓಡುತ್ತವೆ. ಅವನ್ನು ನೋಡಿಕೊಳ್ಳುವ ಮೇಸ್ತ್ರಿ, ಗೂಗಲ್ 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ‘ಕುಬರ್ನೆಟೀಸ್’ ಎಂಬ ತಂತ್ರಾಂಶ. ಒಂದು ಕಂಟೇನರ್ ನಿಂತರೆ ಅದು ಹೊಸದನ್ನು ಎಬ್ಬಿಸುತ್ತದೆ. ಆದರೆ ಹಳೆಯದರೊಳಗೆ ಬರೆದಿಟ್ಟಿದ್ದು ಹೊಸದಕ್ಕೆ ಬರುವುದಿಲ್ಲ.

ಮೇಡ್ಲೇರಿಯಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದಿದ್ದೀರಿ, ದರ ಸಿಗಲಿಲ್ಲ ಎಂದುಕೊಳ್ಳಿ. ಚೀಲಗಳನ್ನು ಬಾಡಿಗೆ ಟೆಂಪೋದಲ್ಲೇ ಬಿಟ್ಟು ಬರುತ್ತೀರಾ? ಇಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ರಸೀದಿ ತರುತ್ತೀರಿ. ಮುಂದೆ ಯಾವ ಗಾಡಿ ತಂದರೂ ರಸೀದಿ ತೋರಿಸಿ ಮಾಲು ಬಿಡಿಸಿಕೊಳ್ಳಬಹುದು. ಕಂಟೇನರ್ ಎಂದರೆ ಆ ಟೆಂಪೋ. ಕೋಲ್ಡ್ ಸ್ಟೋರೇಜ್‌ನ ಜಾಗಕ್ಕೆ ಇಲ್ಲಿ ‘ಪರ್ಸಿಸ್ಟೆಂಟ್ ವಾಲ್ಯೂಮ್’ ಎನ್ನುತ್ತಾರೆ, ರಸೀದಿಗೆ ‘ಕ್ಲೇಮ್’.

ಯಾವುದನ್ನು ಆರಿಸಬೇಕು?

• ಸರ್ವರ್‌ನೊಳಗಿನ ಡಿಸ್ಕ್: ವೇಗ ಹೆಚ್ಚು. ಆದರೆ ಆ ಸರ್ವರ್ ಕೆಟ್ಟರೆ ಡೇಟಾ ಅಲ್ಲೇ ಸಿಕ್ಕಿಬೀಳುತ್ತದೆ.
• ನೆಟ್‌ವರ್ಕ್ ಮೂಲಕ ಜೋಡಿಸುವ ಬ್ಲಾಕ್ ಸ್ಟೋರೇಜ್: ಡೇಟಾಬೇಸ್‌ಗೆ ಒಳ್ಳೆಯದು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಸರ್ವರ್‌ಗೆ ಜೋಡಿಸಬಹುದು.
• ಹಂಚಿಕೊಳ್ಳುವ ಫೈಲ್ ಸ್ಟೋರೇಜ್: ಹಲವು ಕಂಟೇನರ್‌ಗಳು ಒಟ್ಟಿಗೆ ಓದಿ ಬರೆಯಬಹುದು. ಫೋಟೊ, ದಾಖಲೆಗಳಿಗೆ ಸೂಕ್ತ.

ಇನ್ನೊಂದು ಎಚ್ಚರಿಕೆ: ಬೇಡಿಕೆ ಬಂದಾಗ ತಾನಾಗಿ ಸೃಷ್ಟಿಯಾಗುವ ವಾಲ್ಯೂಮ್‌ಗೆ, ಬೇರೆ ಹೇಳದಿದ್ದರೆ, ‘ಡಿಲೀಟ್’ ನಿಯಮವೇ ಇರುತ್ತದೆ. ಅಂದರೆ ರಸೀದಿ ಹರಿದರೆ ಮಾಲೂ ಹೋಯಿತು. ಮುಖ್ಯ ಡೇಟಾಕ್ಕೆ ‘ರಿಟೇನ್’ ಎಂದು ಬದಲಿಸಬೇಕು.

ಇಷ್ಟಾದರೂ ಅದು ಬ್ಯಾಕಪ್ ಅಲ್ಲ

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಡೇಟಾ ನಾಶವಾಯಿತು. ಬೇರೆ ಕಡೆ ಅದರ ಬ್ಯಾಕಪ್ ಇರಲಿಲ್ಲ.

ಒಂದೇ ಕಟ್ಟಡದಲ್ಲಿ ಹತ್ತು ಪ್ರತಿ ಇದ್ದರೂ ಬೆಂಕಿಗೆ ಎಲ್ಲವೂ ಒಂದೇ. ತಪ್ಪಾಗಿ ಅಳಿಸಿದರೆ, ಜೊತೆಜೊತೆಗೆ ಬದಲಾಗುವ ಪ್ರತಿಗಳಲ್ಲೂ ಅದು ಅಳಿಯುತ್ತದೆ.

ನೀವೇನು ಮಾಡಬಹುದು?

ನಿಮ್ಮ ಸಹಕಾರ ಸಂಘವೋ ಕಚೇರಿಯೋ ಆ್ಯಪ್ ಮಾಡಿಸುತ್ತಿದ್ದರೆ ಕೇಳಿ: ಡೇಟಾ ಎಲ್ಲಿದೆ? ಇನ್ನೊಂದು ಪ್ರತಿ ಬೇರೆ ಊರಲ್ಲಿದೆಯೇ? ಅದನ್ನು ಮರಳಿ ತೆಗೆದು ನೋಡಿದ್ದು ಯಾವಾಗ? ಸಾಲದ ಲೆಕ್ಕ ಅಳಿಸಿಹೋದ ಮೇಲೆ ಕೇಳಿ ಪ್ರಯೋಜನವಿಲ್ಲ.

ತೀರ್ಮಾನ: ಈ ಮಾತು ಅರ್ಧಸತ್ಯ. ಆ್ಯಪ್ ತಾನಾಗಿ ಏಳುತ್ತದೆ. ಡೇಟಾವನ್ನು ಯಾರಾದರೂ ಉಳಿಸಿದ್ದರೆ ಮಾತ್ರ ಉಳಿಯುತ್ತದೆ.